ವಾಲಿಗೆ ಎಂಟು ನಿಮಿಷ

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಕಕ್ಕಿಂಜೆಯಲ್ಲಿ ವಾದ ಮಾಡುವುದಕ್ಕೆ ಕಾರಣ ಬೇಕು ಅಂತ ಯಾರಾದರೂ ಹೇಳಿದರೆ ಅವರು ಘಾಟಿಯ ಆಚೆಯವರು ಅಂತಲೇ ತಿಳಿಯಬೇಕು. ಚಾರ್ಮಾಡಿ ಇಳಿದು ಬರುವ ಬಸ್ಸು ಸ್ವಲ್ಪ ತಡವಾದರೆ ಸಾಕು, ಪೇಟೆಯಲ್ಲಿ ಎರಡು ಪಕ್ಷ ಹುಟ್ಟುತ್ತದೆ. ಡ್ರೈವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಂತ ಎನ್ನುವುದು ಒಂದು ಪಕ್ಷ, ಘಾಟಿಯಲ್ಲಿ ಮರ ಬಿತ್ತು ಎನ್ನುವುದು ಇನ್ನೊಂದು. ಬಸ್ಸು ಬಂದು, ಜನ ಹತ್ತಿ, ಅದು ಉಜಿರೆ ಮುಟ್ಟಿದ ಮೇಲೂ ಇಲ್ಲಿ ಮಾತು ಮುಗಿದಿರುವುದಿಲ್ಲ. ಅದೂ ಒಂದೇ ಭಾಷೆಯಲ್ಲಿ ಅಂತಿಲ್ಲ. ತುಳುವಿನಲ್ಲಿ ಆರೋಪ, ಬ್ಯಾರಿಯಲ್ಲಿ ಉತ್ತರ, ಕೊಂಕಣಿಯಲ್ಲಿ ನಗು, ನೆರಿಯ ಕಡೆಯಿಂದ ರಬ್ಬರ್ ಶೀಟು ಮಾರಲು ಬಂದವರಿಂದ ಮಲಯಾಳದಲ್ಲಿ ತೀರ್ಪು. ಕನ್ನಡ ಬರುವುದು ಪೊಲೀಸರು ಬಂದಾಗ ಮಾತ್ರ.

ಇಂಥ ಊರಿನವರ ಎದುರು ಹೋಗಿ, ವಾದ ಮಾಡಿಸಲಿಕ್ಕೆ ಅಂತಲೇ ಐವತ್ತು ಅರವತ್ತು ದೇಶಗಳ ಶಾಲೆ ಮಕ್ಕಳನ್ನು ವಿಮಾನದಲ್ಲಿ ಕರೆಸುತ್ತಾರೆ ಮಾರಾಯ್ರೇ ಅಂದರೆ ನಂಬುತ್ತಾರೆಯೇ? ಹೋಟೆಲಿನ ಕಾಕ ನಂಬಲಿಲ್ಲ. “ಟಿಕೆಟಿಗೆ ದುಡ್ಡು ಯಾಕೆ ಹಾಳು? ಇಲ್ಲಿಗೆ ಕಳಿಸಿ ಅನ್ನಿ. ಒಂದು ಚಾಯ, ಎರಡು ಗೋಳಿಬಜೆಯಲ್ಲಿ ಮುಗಿಸಿಕೊಡುವ” ಅಂದರು.

ಆದರೆ ಸಂಗತಿ ನಿಜ. ಸ್ಪರ್ಧೆಯ ಹೆಸರು ವರ್ಲ್ಡ್ ಸ್ಕೂಲ್ಸ್ ಡಿಬೇಟಿಂಗ್ ಚಾಂಪಿಯನ್‌ಶಿಪ್ಸ್. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆರಳೆಣಿಕೆಯ ದೇಶಗಳನ್ನು ಕಟ್ಟಿಕೊಂಡು ಶುರುವಾದದ್ದು. ಈಗ ವರ್ಷಕ್ಕೊಂದು ಊರು. 2023ರಲ್ಲಿ ಹನೋಯ್, 2024ರಲ್ಲಿ ಬೆಲ್‌ಗ್ರೇಡ್, 2025ರಲ್ಲಿ ಪನಾಮಾ. ಒಂದು ಪರ ತಂಡ, ಒಂದು ವಿರೋಧ ತಂಡ. ತಂಡಕ್ಕೆ ಮೂವರು ಮಾತುಗಾರರು, ಒಬ್ಬೊಬ್ಬರಿಗೆ 8 ನಿಮಿಷ. ಕೊನೆಯಲ್ಲಿ ಎರಡೂ ಕಡೆಯಿಂದ ಒಬ್ಬೊಬ್ಬರು ಎದ್ದು 4 ನಿಮಿಷದಲ್ಲಿ ಇಡೀ ವಾದದ ಸಾರ ಹಿಂಡಿ ಕೊಡಬೇಕು. ಲೆಕ್ಕ ಹಾಕಿ, ಒಟ್ಟು 56 ನಿಮಿಷ. ನಮ್ಮಲ್ಲಿ ಶಾಲಾ ವಾರ್ಷಿಕೋತ್ಸವದ ಸ್ವಾಗತ ಭಾಷಣಕ್ಕೂ ಅದರ ಹಿಂದಿನ ಪ್ರಾರ್ಥನೆಗೂ ಇಷ್ಟು ಹೊತ್ತು ಬೇಕು.

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. 2019ರಲ್ಲಿ ಬ್ಯಾಂಕಾಕಿನಲ್ಲಿ ಈ ಸ್ಪರ್ಧೆ ನಡೆದಾಗ ಗೆದ್ದದ್ದು ಭಾರತ. ಫೈನಲ್ಲಿನಲ್ಲಿ ಕೆನಡಾದ ಮಕ್ಕಳನ್ನು ನಮ್ಮ ಮಕ್ಕಳು ಮಾತಿನಲ್ಲೇ ಮಣಿಸಿದ್ದು. ಕ್ರಿಕೆಟಿನಲ್ಲಿ ಆಗಿದ್ದರೆ ಕಕ್ಕಿಂಜೆಯಲ್ಲಿ ಪಟಾಕಿ ಹಾರುತ್ತಿತ್ತು, ಬ್ಯಾನರು ಕಟ್ಟುತ್ತಿದ್ದರು, ಬ್ಯಾನರಿನಲ್ಲಿ ಆಟಗಾರರಿಗಿಂತ ದೊಡ್ಡದಾಗಿ ಶುಭ ಕೋರುವವರ ಮುಖ ಇರುತ್ತಿತ್ತು. ಏನೂ ಆಗಲಿಲ್ಲ. ಪಾಪ, ಆಗುವ ಹಾಗೂ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಮೃತ್ಯುಂಜಯ ಹೊಳೆ ತುಂಬಿ ಬಂದು ತೋಟ ಗದ್ದೆಗಳಿಗೆ ಮರಳು ಮರ ಎಲ್ಲ ತಂದು ಸುರಿಯಿತು, ಘಾಟಿ ಕುಸಿದು ರಸ್ತೆ ಬಂದ್ ಆಯಿತು. ಮನೆಯೊಳಗಿನ ಕೆಸರು ಎತ್ತುತ್ತಿದ್ದವರ ಹತ್ತಿರ ಹೋಗಿ “ಬ್ಯಾಂಕಾಕಿನಲ್ಲಿ ನಾವು ಗೆದ್ದೆವು” ಅಂದರೆ ಹಾರೆಯಲ್ಲೇ ಒಂದು ಕೊಡುತ್ತಿದ್ದರು.

ನಾನು ಈ ಸ್ಪರ್ಧೆಯ ಹಿಂದೆ ಬಿದ್ದದ್ದು ಆಮೇಲೆ, ಯೂಟ್ಯೂಬಿನ ಕೃಪೆಯಿಂದ. ಜೊತೆಗೆ ಸಿಕ್ಕವರು ನಮ್ಮ ಭಾವ. ಭಾವ ಅಡಿಕೆ ಕೃಷಿಕರು, ಹವ್ಯಾಸಿ ಅರ್ಥಧಾರಿಗಳು, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಪಾತ್ರವಾಗಿ ಕೂತು ಮಾತಾಡುವವರು. ಪತ್ತನಾಜೆಗೆ ಯಕ್ಷಗಾನ ಮೇಳಗಳೆಲ್ಲ ಗೆಜ್ಜೆ ಬಿಚ್ಚಿ ಒಳಗೆ ಕೂತ ಮೇಲೆ ಭಾವನ ಸೀಸನ್ ಶುರು. ಭಜನಾಮಂದಿರ, ದೇವಸ್ಥಾನದ ಚಾವಡಿ, ಯಾರದ್ದೋ ಮನೆಯ ಪೂಜೆ, ಎಲ್ಲಿ ತಾಳಮದ್ದಳೆ ಇದ್ದರೂ ಇವರು ಹಾಜರು. ಬಿಳಿ ಜುಬ್ಬ, ಹೆಗಲಿಗೆ ಶಾಲು, ಬಾಯಿತುಂಬ ಎಲೆಯಡಿಕೆ. ಪನಾಮಾದಲ್ಲಿ ಬೆಳಿಗ್ಗೆ 9 ಗಂಟೆ ಎಂದರೆ ಇಲ್ಲಿ ರಾತ್ರಿ 7.30. ತಾಳಮದ್ದಳೆ ಕೂಟ ಶುರುವಾಗುವ ಹೊತ್ತೇ! ಊರಲ್ಲಿ ಕೂಟ ಇಲ್ಲದ ರಾತ್ರಿ ಕಾಲು ಚಾಚಿ ಕುಳಿತು ಮೊಬೈಲಿನಲ್ಲಿ ಪರದೇಶದ ಮಕ್ಕಳ ಕೂಟ ನೋಡುವುದು, ಕರೆಂಟು ಹೋದರೆ ಕತ್ತಲೆಯಲ್ಲಿ ನಾವೇ ಮುಂದುವರಿಸುವುದು.

ಮೊದಲ ದಿನವೇ ಭಾವ ಸಿಡುಕಿದರು.

“ಎಂಥ, ಎಂಟು ನಿಮಿಷವಾ? ಎಂಟು ನಿಮಿಷದಲ್ಲಿ ನನ್ನ ವಾಲಿ ತಾರೆಯ ಕೈಯನ್ನೇ ಬಿಡಿಸಿಕೊಂಡಿರುವುದಿಲ್ಲ.”

“ಏಳನೇ ನಿಮಿಷಕ್ಕೆ ಒಂದು ಗಂಟೆ ಹೊಡೆಯುತ್ತಾರೆ ಭಾವ. ಎಂಟಕ್ಕೆ ಎರಡು. ಮತ್ತೂ ಮಾತಾಡಿದರೆ ಹೊಡೀತಾನೇ ಇರುತ್ತಾರೆ.”

“ಅದೇನು ಹೊಸತು? ನಮ್ಮ ಭಾಗವತರು ಜಾಗಟೆ ಹೊಡೆಯುವುದು ಮತ್ತೆ ಯಾಕೆ ಅಂತ ಮಾಡಿದ್ದೀರಿ?”

ಮಾತು ಸರಿಯೇ. ತಾಳಮದ್ದಳೆಯಲ್ಲಿ ಅರ್ಥಧಾರಿಯ ಕೈಯಲ್ಲಿ ಬರೆದ ಸಂಭಾಷಣೆ ಅಂತ ಏನೂ ಇಲ್ಲ. ಪ್ರಸಂಗದ ಪದ್ಯ ಮಾತ್ರ ಉಂಟು. ಭಾಗವತರು ಪದ್ಯ ಹೇಳಿದ ಮೇಲೆ ಅದನ್ನು ಹಿಡಿದು ಇವನು ಎಷ್ಟು ಬೇಕಾದರೂ ಬೆಳೆಸಬಹುದು, ಎದುರಿನವನು ಎಲ್ಲಿ ಬೇಕಾದರೂ ಅಡ್ಡ ಹಾಕಬಹುದು. ಮಾತು ದಾರಿ ಬಿಟ್ಟಿತು, ಜನ ಆಕಳಿಸತೊಡಗಿದರು ಅಂತ ಕಂಡಾಗ ಭಾಗವತರು ಜಾಗಟೆಗೆ ಕೋಲು ತಾಗಿಸಿ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಅಲ್ಲಿಗೆ ರಾವಣನಾದರೂ ಬಾಯಿ ಮುಚ್ಚಲೇಬೇಕು. ಪನಾಮಾದಲ್ಲಿ ಆ ಕೆಲಸವನ್ನು ಒಂದು ಸ್ಟಾಪ್‌ವಾಚು ಮಾಡುತ್ತದೆ. ವಾಚಿಗೆ ರಾಗಜ್ಞಾನ ಇಲ್ಲ ಎನ್ನುವುದು ಭಾವನ ಆಕ್ಷೇಪ.

ಆದರೆ ಅಡ್ಡಪ್ರಶ್ನೆಯ ಕ್ರಮ ಕಂಡಾಗ ಭಾವ ಎಲೆಯಡಿಕೆ ಜಗಿಯುವುದನ್ನೇ ನಿಲ್ಲಿಸಿದರು. ಒಬ್ಬಳು ಹುಡುಗಿ ಮಾತಾಡುತ್ತಿದ್ದಳು. ಮೊದಲ ನಿಮಿಷದ ಗಂಟೆ ಆದದ್ದೇ ತಡ, ಎದುರು ತಂಡದ ಹುಡುಗ ಕೈಚಾಚಿ ಎದ್ದು ನಿಂತ. ಆ ಹುಡುಗಿ ಮಾತು ನಿಲ್ಲಿಸಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಎಡಗೈಯನ್ನು ಸ್ವಲ್ಪ ಕೆಳಗೆ ಆಡಿಸಿದಳು, ಅವನು ಕೂತ. ಇನ್ನೊಬ್ಬ ಎದ್ದ, ಅವನನ್ನೂ ಕೂರಿಸಿದಳು. ಮೂರನೇ ಸಲ, ತನ್ನ ವಾಕ್ಯ ಮುಗಿಸಿ, ನೀರು ಕುಡಿಯುವಷ್ಟು ಪುರಸೊತ್ತಿನಿಂದ ತಿರುಗಿ “ಹೇಳಿ” ಅಂದಳು. ಅವನು ಕೇಳಿದ, ಅವಳು ಎರಡೇ ಮಾತಿನಲ್ಲಿ ಮುರಿದು ಹಾಕಿದಳು, ಮುಂದೆ ಹೋದಳು. ಒಂದನೇ ನಿಮಿಷದಿಂದ ಏಳನೇ ನಿಮಿಷದವರೆಗೆ ಮಾತ್ರ ಹೀಗೆ ಕೇಳಬಹುದು. ಪ್ರಶ್ನೆ ಹದಿನೈದು ಸೆಕೆಂಡು ಮೀರಬಾರದು. ಒಪ್ಪುವುದು ಬಿಡುವುದು ಮಾತಾಡುವವರ ಇಷ್ಟ. ಆದರೆ ಒಂದನ್ನೂ ತೆಗೆದುಕೊಳ್ಳದೆ ಹೋದರೆ ಹೆದರಿದರು ಅಂತ ಅಂಕ ಕಡಿಮೆ.

“ಇವಳಿಗೆ ಕೃಷ್ಣ ಕೊಡಬೇಕು” ಅಂದರು ಭಾವ. “ಸಂಧಾನದ ಕೃಷ್ಣ. ಕೌರವನನ್ನು ಹೀಗೆಯೇ ಕೂರಿಸಬೇಕು.”

ಹಳೇ ಕ್ರಮದಲ್ಲಿ ಪ್ರಶ್ನೆ ಕೇಳುವವರು ಒಂದು ಕೈ ಚಾಚಿ ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೊಂಡು ಏಳುತ್ತಿದ್ದರಂತೆ, ವಿಗ್ಗು ಬೀಳದ ಹಾಗೆ ಹಿಡಿದುಕೊಂಡ ಬ್ರಿಟಿಷ್ ಸಂಪ್ರದಾಯದ ಪಳೆಯುಳಿಕೆ ಅದು ಅಂತ ಹೇಳುವವರಿದ್ದಾರೆ. ನಾನು ಇದನ್ನು ಹೇಳಿದ್ದಕ್ಕೆ ಭಾವ, “ನಮ್ಮಲ್ಲಿ ಕಿರೀಟವೇ ಬೇಡ ಅಂತ ತೆಗೆದಿಟ್ಟು ಕೂತದ್ದಲ್ಲವಾ? ಮಂಡೆ ಹಿಡಿದುಕೊಳ್ಳುವ ಕೆಲಸ ಕೇಳುವವರದ್ದು” ಅಂದರು.

ತೀರ್ಪಿನ ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ಬಹಳ ದೂರ. ಅಲ್ಲಿ ನಿರ್ಣಾಯಕರು ಬೆಸಸಂಖ್ಯೆಯಲ್ಲಿ ಕೂರುತ್ತಾರೆ, ತಮ್ಮತಮ್ಮಲ್ಲಿ ಮಾತಾಡಿಕೊಳ್ಳದೆ ಒಬ್ಬೊಬ್ಬರೇ ನಿರ್ಧರಿಸುತ್ತಾರೆ. ನೂರರಲ್ಲಿ ವಿಷಯಕ್ಕೆ 40, ಶೈಲಿಗೆ 40, ತಂತ್ರಕ್ಕೆ 20. ಕೊಡುವ ಅಂಕವೆಲ್ಲ 60ರಿಂದ 80ರ ಒಳಗೆ. “ಅಂದರೆ ಎಷ್ಟು ಹಾಳಾಗಿ ಮಾತಾಡಿದರೂ ಫಸ್ಟ್ ಕ್ಲಾಸ್” ಅಂತ ಭಾವನಿಗೆ ಹೊಟ್ಟೆಕಿಚ್ಚು. ಮುಗಿದ ಕೂಡಲೇ ಒಬ್ಬ ನಿರ್ಣಾಯಕರು ಎದ್ದು ಯಾಕೆ ಗೆದ್ದಿರಿ, ಯಾಕೆ ಸೋತಿರಿ ಅಂತ ಮುಖದ ಮೇಲೆಯೇ ಹೇಳಬೇಕು. ಈ ಧೈರ್ಯ ನಮ್ಮಲ್ಲಿ ಯಾರಿಗಿದೆ? ಕೂಟ ಮುಗಿದ ಮೇಲೆ ಅರ್ಥಧಾರಿಯ ಎದುರು “ಬಾರೀ ಲಾಯ್ಕಾಯ್ತು” ಅಂತಲೇ ಎಲ್ಲರೂ ಹೇಳುವುದು. ನಿಜವಾದ ಸುಧನ್ವ ಯಾರು, ಅರ್ಜುನ ಎಲ್ಲಿ ಬಿದ್ದ, ಎಷ್ಟು ಕೆಟ್ಟದಾಗಿ ಬಿದ್ದ ಎನ್ನುವುದೆಲ್ಲ ಮರುದಿನ ಹಾಲಿನ ಸೊಸೈಟಿಯಲ್ಲಿ, ಅವರಿಲ್ಲದಾಗ. ಭಾವನ ಎಷ್ಟೋ ಸೋಲುಗಳು ಇವತ್ತಿನವರೆಗೂ ಭಾವನಿಗೆ ಗೊತ್ತಿಲ್ಲ.

ಈಗ ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗೆ ಬನ್ನಿ. ಪ್ರತಿಭಾ ಕಾರಂಜಿ ಅಂದ ಕೂಡಲೇ ವಿಷಯ ಏನಿರುತ್ತದೆ ಅಂತ ಅಡುಗೆಯ ಅಕ್ಕನಿಗೂ ಗೊತ್ತು. ವಿಜ್ಞಾನ ವರವೋ ಶಾಪವೋ, ಮೊಬೈಲು ವರವೋ ಶಾಪವೋ, ಟಿವಿ ಇದ್ದ ಕಾಲದಲ್ಲಿ ಟಿವಿ ವರವೋ ಶಾಪವೋ. ಪರದವನ ಭಾಷಣ ಮಾಸ್ಟ್ರು ಬರೆದುಕೊಟ್ಟದ್ದು. ವಿರೋಧದವನದ್ದೂ ಅದೇ ಮಾಸ್ಟ್ರು ಬರೆದುಕೊಟ್ಟದ್ದು. “ಮಾನ್ಯ ನಿರ್ಣಾಯಕರೇ, ಸಮಯಪಾಲಕರೇ, ನನ್ನ ನೆಚ್ಚಿನ ಸಹಸ್ಪರ್ಧಿಗಳೇ” ಅಂತ ಶುರುಮಾಡಿ, ಗಾದೆ ಒಂದು, ವಿವೇಕಾನಂದರು ಒಂದು, ಅಬ್ದುಲ್ ಕಲಾಂ ಒಂದು ಹೇಳಿ, ಮಧ್ಯದಲ್ಲಿ ಮರೆತು, ಮಾಡು ನೋಡಿ, ಮತ್ತೆ ಮೊದಲಿನಿಂದ ಶುರುಮಾಡಿ ಇಳಿಯುತ್ತಾರೆ. ಪರದವನು ಏನು ಹೇಳಿದ ಅಂತ ವಿರೋಧದವನಿಗೆ ಗೊತ್ತಿಲ್ಲ. ಅವನು ಆಗ ಮರದ ಬುಡದಲ್ಲಿ ನಿಂತು ತನ್ನದನ್ನು ಬಾಯಿಪಾಠ ಮಾಡುತ್ತಿದ್ದ. ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಹೋಗುವುದು ಮಕ್ಕಳಲ್ಲ, ಆ ಎರಡು ಹಾಳೆ ಕಾಗದ. ಇಲ್ಲಿ ವಾದವೇ ಇಲ್ಲ. ಒಂದೇ ಹಳಿಯ ಮೇಲೆ ಎದುರುಬದುರಾಗಿ ಬರಬೇಕಾದ ಎರಡು ರೈಲುಗಳನ್ನು ಬೇರೆಬೇರೆ ಊರಿನಲ್ಲಿ ಓಡಿಸಿದ ಹಾಗೆ.

ವಿಶ್ವದ ಸ್ಪರ್ಧೆಯಲ್ಲಿ ಕೆಲವು ಸುತ್ತಿಗೆ ವಿಷಯ ಮೊದಲೇ ತಿಳಿಸಿರುತ್ತಾರೆ. ಉಳಿದವಕ್ಕೆ ಒಂದೇ ಗಂಟೆ ಸಮಯ. ಬಾಗಿಲು ಹಾಕಿದ ಕೋಣೆ, ಕೋಚು ಹೊರಗೆ, ಇಂಟರ್ನೆಟ್ಟು ಇಲ್ಲ. ಒಂದು ಪದಕೋಶ, ಒಂದು ವಿಶ್ವಕೋಶ, ಒಂದು ಅಲ್ಮನಾಕು, ಅಷ್ಟೇ ಆಧಾರ. ಎಲ್ಲಕ್ಕಿಂತ ಮುಖ್ಯ, ಪರವೋ ವಿರೋಧವೋ ಎನ್ನುವುದು ಮಕ್ಕಳ ಕೈಯಲ್ಲಿಲ್ಲ. ಇವತ್ತು ಮರಣದಂಡನೆ ಬೇಕು ಅಂತ ಗುಡುಗಿದವಳೇ ನಾಳೆ ಬೇಡ ಅಂತ ಗುಡುಗಬೇಕು. ಇದನ್ನು ಕೇಳಿ ನಮ್ಮ ಊರಿನ ನಿವೃತ್ತ ಮಾಸ್ಟ್ರೊಬ್ಬರಿಗೆ ಸಿಟ್ಟು ಬಂತು. “ಇದು ಮಕ್ಕಳಿಗೆ ಸುಳ್ಳು ಹೇಳಲು ಕಲಿಸುವುದು. ನಂಬದೇ ಇದ್ದದ್ದನ್ನು ಹೇಳಿಸುವುದು ಎಂಥ ಶಿಕ್ಷಣ?”

ಭಾವ ಕವಳ ಉಗಿದು ಬಂದು ಕೂತರು. “ಮಾಸ್ಟ್ರೇ, ಮೊನ್ನೆ ನಾನು ಕೌರವ ಮಾಡಿದೆ. ಐದು ಗ್ರಾಮವೂ ಇಲ್ಲ, ಸೂಜಿಮೊನೆಯ ಜಾಗವೂ ಇಲ್ಲ ಅಂತ ಎರಡು ಗಂಟೆ ಹೇಳಿದೆ. ನೀವು ಚಪ್ಪಾಳೆ ಹೊಡೆದಿರಿ. ಹಾಗಂತ ತಮ್ಮನಿಗೆ ಪಾಲು ಕೊಡಲಿಲ್ಲವಾ ನಾನು?”

ಕೊಟ್ಟಿದ್ದಾರೆ. ರಿಕಾರ್ಡು ಉಂಟು.

ಇಲ್ಲಿ ನನಗೆ ಕಂಡ ವಿಚಾರ ಹೇಳಿಬಿಡುತ್ತೇನೆ, ಹರಟೆಯಲ್ಲೂ ಒಂದು ಮಾತು ಗಟ್ಟಿ ಇರಲಿ. ವಾಲಿ ಸಾಯಲೇಬೇಕು, ಅದು ಪ್ರಸಂಗಕರ್ತ ಪದ್ಯದಲ್ಲಿ ಕಟ್ಟಿಟ್ಟದ್ದು. ಬಾಣ ಎದೆಗೆ ನಾಟಿದ ಮೇಲೆಯೇ ವಾಲಿಯ ನಿಜವಾದ ಮಾತು ಶುರುವಾಗುವುದು. ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನಿನಗೂ ನನಗೂ ಏನು ಹಗೆ, ಕಪಿಗೆ ಮನುಷ್ಯರ ಧರ್ಮ ಯಾವಾಗಿನಿಂದ ಅನ್ವಯ ಅಂತ ಕೇಳುತ್ತಾ ಹೋದರೆ ರಾಮನಾಗಿ ಕೂತವನಿಗೆ ಬೆವರು. ಫಲಿತಾಂಶ ಮೊದಲೇ ಗೊತ್ತಿರುವುದರಿಂದ ಗೆಲ್ಲುವ ಹಟ ಇಲ್ಲ. ಉಳಿಯುವುದು ನ್ಯಾಯ ಒಂದೇ. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿಯಾಗಿ, ಮಾಗಧನಾಗಿ, ರಾವಣನಾಗಿ ಕೂತರೆ ಸೋಲುವ ಪಾತ್ರವನ್ನು ನೋಡಲಿಕ್ಕೇ ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಶೇಣಿಯವರಿಗೆ ರಾವಣನ ಮೇಲೆ ಭಕ್ತಿ ಅಂತ ಯಾರೂ ಅನುಮಾನ ಪಡಲಿಲ್ಲ. ಪಾತ್ರವನ್ನು ಹಂಚುವವರು ಕೂಟದ ಸಂಯೋಜಕರು, ಪಕ್ಷವನ್ನು ಹಂಚುವವರು ಸ್ಪರ್ಧೆಯ ಸಂಘಟಕರು. ತನಗೆ ಬಂದದ್ದನ್ನು ಹೊತ್ತು ಮಾತಾಡಿದವನಿಗೆ ಎದುರಿನವನ ಮಾತು ಕಿವಿಗೆ ಬೀಳಲೇಬೇಕು, ಯಾಕೆಂದರೆ ನಾಳೆ ಅದನ್ನು ಹೇಳಬೇಕಾದವನು ಇವನೇ ಆಗಿರಬಹುದು.

ಭಾಷೆಯ ವಿಚಾರವೂ ಹಾಗೆಯೇ. ಅಲ್ಲಿ ವಾದವೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷು ಮನೆಮಾತಲ್ಲದ ದೇಶಗಳ ಒಳ್ಳೆಯ ತಂಡಗಳಿಗೆ ಬೇರೆ ಬಹುಮಾನ ಉಂಟು. ತಾಳಮದ್ದಳೆಗೆ ಈ ನಿಯಮ ತಂದರೆ ಎಲ್ಲರಿಗೂ ಬಹುಮಾನ ಕೊಡಬೇಕಾದೀತು. ಭೀಷ್ಮನ ಮನೆಯಲ್ಲಿ ಹವ್ಯಕ, ಪರಶುರಾಮನ ಮನೆಯಲ್ಲಿ ತುಳು, ಅಂಬೆಯ ಮನೆಯಲ್ಲಿ ಮರಾಟಿ, ಚೆಂಡೆಯವರ ಮನೆಯಲ್ಲಿ ಮಲಯಾಳ. ಕೂಟದಲ್ಲಿ ಕೂತರೆ ಮಾತ್ರ ಎಲ್ಲರಿಗೂ ಗ್ರಾಂಥಿಕ ಕನ್ನಡ. ತಪ್ಪಿಯೂ ಒಂದು ಇಂಗ್ಲಿಷ್ ಪದ ನುಸುಳಬಾರದು. ಒಬ್ಬ ದೂತ ಆವೇಶದಲ್ಲಿ “ಅರ್ಜೆಂಟ್ ಉಂಟು ಮಹಾರಾಜಾ” ಅಂದದ್ದಕ್ಕೆ ಆ ಊರಿನಲ್ಲಿ ಅವನ ಹೆಸರೇ ಅರ್ಜೆಂಟ್ ಆಗಿಹೋಯಿತು. ಇಷ್ಟು ಕಟ್ಟುನಿಟ್ಟಿನ ತರಬೇತಿ ಸುಮ್ಮನೆ ಹೋಗುವುದೂ ಇಲ್ಲ. ಅರ್ಥಧಾರಿ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ಲಿನಿಂದ ಗೆದ್ದು ವಿಧಾನಸಭೆಗೇ ಹೋದರು. ಕೂಟದಲ್ಲಿ ಪಳಗಿದವರಿಗೆ ಅಲ್ಲಿ ಕಷ್ಟವಾದದ್ದು ಒಂದೇ ಇದ್ದೀತು, ಮಾತು ದಾರಿ ಬಿಟ್ಟಾಗ ಜಾಗಟೆ ಹೊಡೆಯುವ ಭಾಗವತರು ಅಲ್ಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕಕ್ಕಿಂಜೆಯಲ್ಲಿ ಒಂದು ಪ್ರಯೋಗ ಆಗದೆ ಇರುತ್ತದೆಯೇ? ಮಳೆ ಬಿಡದ ಒಂದು ಸಂಜೆ ಕಾಕನ ಹೋಟೆಲಿನಲ್ಲಿ ವಿಶ್ವಮಟ್ಟದ ನಿಯಮದಂತೆ ಚರ್ಚೆ ಅಂತ ಘೋಷಣೆಯಾಯಿತು. ಸಮಯಪಾಲಕ ಕಾಕನ ಮೊಮ್ಮಗ, ಗಂಟೆಗೆ ಸ್ಟೀಲು ಲೋಟ ಮತ್ತು ಚಮಚ. ವಿಷಯಕ್ಕೆ ಸಲಹೆಗಳು ಬೇಕಾದಷ್ಟು ಬಂದವು. ಈ ಸಭೆಯು ಘಾಟಿಯ ಮಂಗಗಳಿಗೆ ಬಾಳೆಹಣ್ಣು ಎಸೆಯುವುದನ್ನು ನಿಷೇಧಿಸುತ್ತದೆ. ಈ ಸಭೆಯು ಮದುವೆಯ ಬಫೆಯನ್ನು ಖಂಡಿಸುತ್ತದೆ. ಕೊನೆಗೆ ಯಾರೋ ಕಿಡಿಗೇಡಿ ಬರೆದ ಚೀಟಿ ಬಂತು: ಈ ಸಭೆಯು ಅಡಿಕೆಯನ್ನು ನಿಷೇಧಿಸುತ್ತದೆ.

ಹೋಟೆಲು ತಣ್ಣಗಾಯಿತು. ಕೂತವರಲ್ಲಿ ಅಡಿಕೆ ಬೆಳೆಯದವರು, ಸುಲಿಯದವರು, ಮಾರದವರು, ಜಗಿಯದವರು ಇಲ್ಲ. ಪಕ್ಷಕ್ಕೆ ಚೀಟಿ ಎತ್ತಿದರು. ಭಾವನಿಗೆ ಬಂದದ್ದು ಪರ! ಅಂದರೆ ಅಡಿಕೆ ಬೇಡ ಎನ್ನುವ ಪಕ್ಷ. ಎದುರಿಗೆ ನಿವೃತ್ತ ಮಾಸ್ಟ್ರು.

ಭಾವ ಬಾಯೊಳಗಿದ್ದ ಕವಳವನ್ನು ಒಂದು ಕೆನ್ನೆಗೆ ಸರಿಸಿ ಎದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಷ್ಟು ಹಿಂದೆಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ ಎಂದು ಶುರುಮಾಡಿದರು. ಅಲ್ಲಿಂದ ಗದ್ದೆಗೆ ಇಳಿದರು. ಭತ್ತದ ಗದ್ದೆಗೆಲ್ಲ ಮಣ್ಣು ತುಂಬಿ ಅಡಿಕೆ ಇಟ್ಟೆವು, ಈಗ ಅನ್ನಕ್ಕೆ ಅಕ್ಕಿ ಘಾಟಿಯಾಚೆಯಿಂದ ಬರಬೇಕು. ಕೊಳೆರೋಗಕ್ಕೆ ಬೋರ್ಡೋ ಹೊಡೆದು ತೋಡಿನ ಮೀನು ಎಲ್ಲಿ ಹೋಯಿತು? ಹಳದಿರೋಗ ಬಂದ ತೋಟ ಕಡಿದವನ ಮನೆಯಲ್ಲಿ ಏನಾಯಿತು? ಜಾರುವ ಮರಕ್ಕೆ ಮದ್ದು ಬಿಡಲು ಹತ್ತಿದವರ ಸೊಂಟದ ಲೆಕ್ಕ ಯಾವ ಮಾರುಕಟ್ಟೆ ಇಟ್ಟಿದೆ? ಮಾತಿನ ನಡುವೆ ಮೂವರು ಎದ್ದು ನಿಂತರು. ಭಾವ ಎಡಗೈ ಕೆಳಗೆ ಆಡಿಸಿ ಇಬ್ಬರನ್ನು ಕೂರಿಸಿದರು. ಪನಾಮಾದ ವಿದ್ಯೆ! ಮೂರನೆಯವರು, “ಹಾಗಾದರೆ ನಿಮ್ಮ ಬಾಯಲ್ಲಿ ಇರುವುದು ಎಂಥದ್ದು?” ಅಂತ ಕೇಳಿದರು.

“ಸಾಕ್ಷಿ” ಅಂದರು ಭಾವ. “ನ್ಯಾಯಾಲಯಕ್ಕೆ ಸಾಕ್ಷಿ ತರದೆ ಬರುವ ಕ್ರಮ ಉಂಟೇ?”

ಚಮಚ ಎರಡು ಸಲ ಬಡಿಯಿತು. ಭಾವ ಕೂತರು.

ಮಾಸ್ಟ್ರು ಎದ್ದರು. ಅಡಿಕೆಯ ಪರ ಹೇಳಲು ಎಷ್ಟು ಇದೆ! ಜಿಲ್ಲೆಯ ಅರ್ಧ ಜನ ಓದಿದ್ದು, ಮನೆ ಕಟ್ಟಿದ್ದು, ಮದುವೆಯಾದದ್ದು ಅದರಲ್ಲಿ. 1973ರಲ್ಲಿ ಕ್ಯಾಂಪ್ಕೊ ಕಟ್ಟಿ ಬೆಳೆಗಾರರೇ ಬೆಲೆಯನ್ನು ಹಿಡಿದು ನಿಲ್ಲಿಸಿದ ಕತೆ ಉಂಟು. ಸ್ವತಃ ಮಾಸ್ಟ್ರದ್ದೂ ತೋಟ ಉಂಟು. ಆದರೆ ಅವರಿಗೆ ಜೀವಮಾನದಲ್ಲಿ ಅಡಿಕೆ ಬೇಡ ಎನ್ನುವ ಮನುಷ್ಯ ಎದುರಾಗಿರಲೇ ಇಲ್ಲ. ಎದುರಾಳಿ ಇಲ್ಲದ ಪಕ್ಷಕ್ಕೆ ಯಾರೂ ಕಾರಣ ಹುಡುಕಿಟ್ಟಿರುವುದಿಲ್ಲ. “ಮಾನ್ಯ ನಿರ್ಣಾಯಕರೇ, ಸಮಯಪಾಲಕರೇ” ಅಂದರು. ಅಡಿಕೆ ನಮ್ಮ ಸಂಸ್ಕೃತಿ ಅಂದರು. ಅಡಿಕೆಗೆ ಹೋದ ಮಾನ ಎಂಬ ಗಾದೆ ಹೇಳಲು ಹೋಗಿ, ಅದು ತಮ್ಮ ಪಕ್ಷಕ್ಕೆ ವಿರುದ್ಧ ಅಂತ ಹೊಳೆದು, ಮಾಡು ನೋಡಿದರು. ಏಳನೇ ನಿಮಿಷದ ಚಮಚ ಬಡಿಯಲು ಹುಡುಗ ಬಹಳ ಹೊತ್ತು ಕಾದ.

ತೀರ್ಪು ಕಾಕನದ್ದು. ಗೆದ್ದದ್ದು ಅಡಿಕೆ ನಿಷೇಧದ ಪಕ್ಷ. ಕಾರಣವನ್ನೂ ಮುಖದ ಮೇಲೆಯೇ ಹೇಳಿದರು: “ಮಾಸ್ಟ್ರು ನಂಬಿ ಮಾತಾಡಿದರು. ಭಾವ ಯೋಚಿಸಿ ಮಾತಾಡಿದರು.” ಮರುದಿನ ಸೊಸೈಟಿಯಲ್ಲಿ ಭಾವನ ಅಡಿಕೆ ತೂಗುವಾಗ “ನಿಷೇಧ ಆದದ್ದನ್ನು ಯಾಕೆ ತಂದಿರಿ?” ಅಂತ ಕೇಳದವರಿಲ್ಲ. ಮಾಸ್ಟ್ರು ಮಾತ್ರ ಸುಮ್ಮನಿರಲಿಲ್ಲ. ಬರುವ ವರ್ಷ ಶಾಲೆಯ ಮಕ್ಕಳಿಗೆ ಭಾಷಣ ಬರೆದುಕೊಡುವುದಿಲ್ಲವಂತೆ. ಚೀಟಿ ಎತ್ತಿಸಿ, ಕೋಣೆಯಲ್ಲಿ ಒಂದು ಗಂಟೆ ಕೂರಿಸಿ, ಮೊಬೈಲು ಕಿತ್ತಿಟ್ಟು ಮಾತಾಡಿಸುವುದಂತೆ. ತಾಲೂಕಿಗೆ ಹೋದರೆ ಸೋಲುತ್ತಾರೆ ಅಂತ ನಾನು ಹೇಳಿದ್ದಕ್ಕೆ, “ಸೋಲಲಿ. ವಾಲಿಯೂ ಸೋತವನೇ ಅಲ್ಲವಾ?” ಅಂದರು.

ಹಾಗಾಗಿ ಇದೇ ನಿಯಮದಲ್ಲಿ ಊರಿನದ್ದೇ ಒಂದು ಸ್ಪರ್ಧೆ, ಕಕ್ಕಿಂಜೆ ಕಪ್ಪು, ನಡೆಸಲು ಸಮಿತಿ ಆಗಿದೆ. ಕಾಕ ಅಧ್ಯಕ್ಷರು. 8 ನಿಮಿಷದ ನಿಯಮ ಪಾಸಾಯಿತು, ಲೋಟ ಚಮಚ ಪಾಸಾಯಿತು, ತನಗೆ ಇಷ್ಟವಿಲ್ಲದ ಪಕ್ಷ ಬಂತು ಅಂತ ಎದ್ದು ಹೋದವರು ಎಲ್ಲರ ಚಾಯದ ದುಡ್ಡು ಕೊಡಬೇಕು ಎನ್ನುವುದೂ ಪಾಸಾಯಿತು. ಸ್ವಾಗತ ಭಾಷಣ ಬೇಡ ಎನ್ನುವ ಒಂದು ನಿರ್ಣಯ ಮಾತ್ರ ಇನ್ನೂ ಬಾಕಿ. ಅದರ ಮೇಲೆ ಮೂರು ಸಭೆಯಿಂದ ಚರ್ಚೆ ನಡೆಯುತ್ತಾ ಇದೆ, ಅಲ್ಲಿಗೆ ಚಮಚ ತರಲು ಯಾರೂ ಒಪ್ಪುತ್ತಿಲ್ಲ.